ಹತ್ತು ನಿಮಿಷದ ಹಣ್ಣಿನ ತಿಂಡಿ: ತಂಬುಟ್ಟಿಗೆ ಒಂದಿಷ್ಟು ಪ್ರೋಟೀನ್ ಸೇರಿದರೆ

ಕೊಡಗಿನಲ್ಲಿ ಬೆಳಗಿನ ತಿಂಡಿ ಅಂದರೆ ಒಲೆ ಮುಂದೆ ನಿಂತು ಮಾಡುವ ಕೆಲಸ. ಅಕ್ಕಿ ರೊಟ್ಟಿ ತಟ್ಟಬೇಕು, ಕಡಂಬಿಟ್ಟು ಕಟ್ಟಿ ಬೇಯಿಸಬೇಕು, ನೂಪುಟ್ಟು ಒತ್ತಬೇಕು. ಭಾನುವಾರಕ್ಕೆ ಇದೆಲ್ಲ ಚೆಂದ. ಕಾಫಿ ಕುಯ್ಲಿನ ದಿನಗಳಲ್ಲಿ, ಅಥವಾ ಸ್ಕೂಲ್ ಬಸ್ಸು ಬೆಳಕು ಹರಿಯುವುದರೊಳಗೆ ಗೇಟಿನ ಮುಂದೆ ಹಾರ್ನ್ ಹೊಡೆಯುವ ಮನೆಗಳಲ್ಲಿ, ಕೈಗೆ ಸಿಗುವುದು ಬಾಳೆಹಣ್ಣು. ಎರಡು ತಿಂದು ಓಡಿದವರಿಗೆ ಹತ್ತು ಗಂಟೆಗೆಲ್ಲ ಮತ್ತೆ ಹಸಿವು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಇರುವ ಪ್ರೋಟೀನ್ ಒಂದು ಗ್ರಾಂ ಆಸುಪಾಸು, ಪಪ್ಪಾಯಿಯಲ್ಲಿ ಅರ್ಧ ಗ್ರಾಂ. ಉಳಿದದ್ದು ನೀರು, ಸಕ್ಕರೆ, ನಾರು.

ಇದಕ್ಕೆ ಪ್ರೋಟೀನ್ ಸೇರಿಸಬೇಕು ಅಂದ ಕೂಡಲೇ ಜನ ಪೌಡರ್ ಡಬ್ಬಿಯ ಬೆಲೆ ವಿಚಾರಿಸುತ್ತಾರೆ. ಅದರ ಮಾತು ಆಮೇಲೆ. ಒಲೆ ಹಚ್ಚದೆ ಮಾಡುವ ಹಣ್ಣಿನ ತಿಂಡಿ ಒಂದು ನಮ್ಮಲ್ಲಿ ಮೊದಲಿಂದಲೂ ಇದೆ. ನಾವೇ ಅದನ್ನು ವರ್ಷಕ್ಕೊಮ್ಮೆ, ನಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನಕ್ಕೆ ಅಂತ ಎತ್ತಿಟ್ಟಿದ್ದೇವೆ. ತಂಬುಟ್ಟು. ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ಹುರಿದ ಕುಸುಬಲಕ್ಕಿಯ ಪುಡಿ ಕಲಸಿ, ಮೇಲೆ ತೆಂಗಿನತುರಿ, ಹುರಿದ ಎಳ್ಳು, ತುಪ್ಪ. ಪುಡಿ ಡಬ್ಬಿಯಲ್ಲಿದ್ದರೆ ಉಳಿದದ್ದಕ್ಕೆ ಐದು ನಿಮಿಷ ಸಾಕು. ಪುಡಿಯಲ್ಲಿ ಅಕ್ಕಿಯ ಒಂದು ಪಾಲು ಕಡಿಮೆ ಮಾಡಿ ಹುರಿಗಡಲೆ ಹಾಕಿಬಿಟ್ಟರೆ ನಮ್ಮ ಲೆಕ್ಕ ಮುಕ್ಕಾಲು ಪಾಲು ಮುಗಿಯಿತು. ಪುತ್ತರಿಯ ತಂಬುಟ್ಟಿಗೆ ಹುರಿಗಡಲೆಯೇ ಅಂತ ಹಿರಿಯರು ಹುಬ್ಬೇರಿಸಬಹುದು. ಹಬ್ಬದ್ದು ಹಬ್ಬಕ್ಕೆ ಹಾಗೇ ಇರಲಿ, ಇದು ವಾರದ ದಿನಗಳದ್ದು.

ಎಷ್ಟು ಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ಹೆಂಗಸಿಗೆ ಸುಮಾರು 46 ಗ್ರಾಂ. ಮಧ್ಯಾಹ್ನ ರಾತ್ರಿ ಎರಡೂ ಹೊತ್ತು ಅನ್ನವೇ ಹೆಚ್ಚು ಉಣ್ಣುವವರಿಗೆ ಬೆಳಿಗ್ಗೆಯೇ 15 ಗ್ರಾಂ ಬಂದುಬಿಟ್ಟರೆ ದಿನದ ಲೆಕ್ಕ ಸಲೀಸು. ಈ ಬರಹದಲ್ಲಿ ಪ್ರತಿ ಬಟ್ಟಲಿಗೂ ಅಷ್ಟನ್ನೇ ಗುರಿ ಇಟ್ಟುಕೊಂಡಿದ್ದೇನೆ.

ಅಡುಗೆಮನೆಯ ಅಳತೆ ನೆನಪಿಟ್ಟುಕೊಂಡರೆ ತಕ್ಕಡಿ ಬೇಡ. ಒಂದು ಮೊಟ್ಟೆಗೆ 6 ಗ್ರಾಂ. ಒಂದು ಲೋಟ ಹಾಲಿಗೆ, ಅಂದರೆ 200 ಎಂ.ಎಲ್.ಗೆ, 6 ಗ್ರಾಮಿಗಿಂತ ಚೂರು ಹೆಚ್ಚು. ಒಂದು ಹಿಡಿ ಹುರಿಗಡಲೆ, ಸುಮಾರು 30 ಗ್ರಾಂ, 6 ಗ್ರಾಂ ಕೊಡುತ್ತದೆ. ಅದಕ್ಕಿಂತ ಸಣ್ಣ ಹಿಡಿ ಕಡಲೆಬೀಜ, 20 ಗ್ರಾಂ ಅಂತಿಟ್ಟುಕೊಳ್ಳಿ, 5 ಗ್ರಾಂ. ಹಣ್ಣಿನ ಬಟ್ಟಲಿಗೆ ಇವುಗಳಲ್ಲಿ ಯಾವುದಾದರೂ ಎರಡು ಮೂರು ಸೇರಿದರೆ ಗುರಿ ಮುಟ್ಟುತ್ತದೆ.

ಪುಡಿ: ಒಮ್ಮೆ ಮಾಡಿಟ್ಟರೆ ಹದಿನೈದು ಇಪ್ಪತ್ತು ತಿಂಡಿ

ನಿಧಾನವಾಗಿ ಮಾಡಬೇಕಾದ ಕೆಲಸ ಇದೊಂದೇ. ಬಿಡುವಿನ ಮಧ್ಯಾಹ್ನ ಹಿಡಿದುಕೊಳ್ಳಿ. ಬೇಕಾದದ್ದು: ಕುಸುಬಲಕ್ಕಿ ಅರ್ಧ ಕಿಲೋ, ಹುರಿಗಡಲೆ ಕಾಲು ಕಿಲೋ, ಎಳ್ಳು 50 ಗ್ರಾಂ, ಮೆಂತ್ಯ ಒಂದು ಟೀ ಚಮಚ, ಏಲಕ್ಕಿ ಏಳೆಂಟು. ತೋಟದ ಏಲಕ್ಕಿ ಇದ್ದರೆ ಕೈ ಬಿಗಿ ಹಿಡಿಯಬೇಡಿ.

1. ಅಕ್ಕಿಯನ್ನು ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ತೆಳುವಾಗಿ ಹರವಿ. ಮುಟ್ಟಿದರೆ ಕೈಗೆ ಅಂಟದಷ್ಟು ಆರಬೇಕು. ಮಳೆಗಾಲದಲ್ಲಿ ಇದು ಸಂಜೆಯಾದರೂ ಆಗದು. ಆಗ ತೊಳೆಯುವ ಬದಲು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಒರೆಸಿ.

2. ದಪ್ಪ ತಳದ ಬಾಣಲೆಯಲ್ಲಿ ಒಂದೊಂದೇ ಹಿಡಿ ಅಕ್ಕಿ ಹುರಿಯಿರಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಕೈ ನಿಲ್ಲಬಾರದು. ಕಾಳು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಬಾಯಿಗೆ ಹಾಕಿದರೆ ಕಟುಂ ಅಂತ ಒಡೆದು ಪುಡಿಯಾಗಬೇಕು. ಹಲ್ಲಿಗೆ ಕಲ್ಲಿನಂತೆ ಸಿಕ್ಕಿದರೆ ಇನ್ನೂ ಹುರಿಯಬೇಕು ಅಂತ ಅರ್ಥ. ಈ ಪುಡಿಯನ್ನು ನಾವು ಮತ್ತೆ ಬೇಯಿಸುವುದಿಲ್ಲ. ಅಕ್ಕಿ ಬೇಯುವುದೆಲ್ಲ ಇಲ್ಲೇ ಆಗಬೇಕು, ಅರೆಬರೆ ಹುರಿದರೆ ತಿಂದವರಿಗೆ ಹೊಟ್ಟೆನೋವು. ಅರ್ಧ ಕಿಲೋವನ್ನು ಒಟ್ಟಿಗೇ ಸುರಿದರೆ ಕೆಳಗಿನದು ಸೀಯುತ್ತದೆ, ಮೇಲಿನದು ಹಸಿಯೇ ಉಳಿಯುತ್ತದೆ.

3. ಅದೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೆಂತ್ಯವನ್ನು ಕೆಂಪಗೆ ಹುರಿದು ತೆಗೆಯಿರಿ. ಕಪ್ಪಾದರೆ ಇಡೀ ಡಬ್ಬಿ ಕಹಿ. ಆಮೇಲೆ ಎಳ್ಳು, ಅದು ಚಟಪಟ ಅನ್ನುವವರೆಗೆ. ಕೊನೆಗೆ ಹುರಿಗಡಲೆ. ಅದು ಮೊದಲೇ ಹುರಿದದ್ದು, ತೇವ ಹೋಗುವಷ್ಟು ಬಿಸಿಯಾದರೆ ಸಾಕು.

4. ಎಲ್ಲವೂ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರುಬ್ಬಿ ಮುಚ್ಚಿದರೆ ಡಬ್ಬಿಯ ಒಳಗೆ ಬೆವರೊಡೆದು ಮುಗ್ಗುಲು ವಾಸನೆ ಬರುತ್ತದೆ.

5. ಮಿಕ್ಸಿಗೆ ಮೊದಲು ಅಕ್ಕಿ, ಮೆಂತ್ಯ, ಏಲಕ್ಕಿ. ನುಣ್ಣಗಾದ ಮೇಲೆ ಜರಡಿ ಹಿಡಿಯಿರಿ, ಉಳಿದ ತರಿಯನ್ನು ಮತ್ತೆ ಹಾಕಿ. ಹುರಿಗಡಲೆ ಬೇರೆ ಪುಡಿ ಮಾಡಿ. ಎಳ್ಳನ್ನು ಎರಡೇ ಎರಡು ಸುತ್ತು. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮೂರನ್ನೂ ಅಗಲ ತಟ್ಟೆಯಲ್ಲಿ ಕೈಯಿಂದ ಬೆರೆಸಿ.

ದೊಡ್ಡ ಪ್ರಮಾಣದಲ್ಲಿ ಮಾಡುವವರು ಹಿಟ್ಟಿನ ಗಿರಣಿಗೆ ಒಯ್ಯುತ್ತಾರೆ. ಎಳ್ಳು ಬಿಟ್ಟು ಉಳಿದದ್ದನ್ನು ಮಾತ್ರ ಕೊಡಿ, ಹಿಂದಿನವರು ಮೆಣಸಿನಕಾಯಿ ಬೀಸಿಸಿದ್ದಾರಾ ಅಂತ ಮೊದಲು ಕೇಳಿ. ಘಾಟು ಸೇರಿದ ತಂಬುಟ್ಟನ್ನು ಯಾವ ಬಾಳೆಹಣ್ಣೂ ಕಾಪಾಡಲಾರದು.

ಈ ಪುಡಿಯ ನೂರು ಗ್ರಾಮಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಬರುತ್ತದೆ. ಬರೀ ಅಕ್ಕಿಪುಡಿಯಾದರೆ ಏಳೆಂಟು. ಅಂಕಿಗಿಂತ ದೊಡ್ಡ ಲಾಭ ಬೇರೆ ಇದೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳು ಸೇರಿ ಆದದ್ದು. ಅಕ್ಕಿಯ ಪ್ರೋಟೀನಿನಲ್ಲಿ ಅವುಗಳಲ್ಲೊಂದಾದ ಲೈಸೀನ್ ಕಡಿಮೆ, ಕಡಲೆಯಲ್ಲಿ ಅದು ಧಾರಾಳ. ಕಡಲೆಯಲ್ಲಿ ಕಡಿಮೆ ಇರುವ ಇನ್ನೊಂದು, ಮೆಥಿಯೊನೀನ್, ಎಳ್ಳಿನಲ್ಲಿ ಸಿಗುತ್ತದೆ. ಮೂರೂ ಒಂದೇ ಡಬ್ಬಿಯಲ್ಲಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಗಾಳಿಯಾಡದ ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ. ದೊಡ್ಡ ಡಬ್ಬಿಯನ್ನು ದಿನಾ ತೆರೆದರೆ ಜೂನ್–ಜುಲೈನ ಗಾಳಿಗೆ ಪುಡಿ ಎಂಟು ದಿನದಲ್ಲಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ತಿಂಗಳು ಇಡಬಹುದು. ಎಳ್ಳಿನ ಎಣ್ಣೆ ಕಮಟು ವಾಸನೆ ಹೊಡೆದರೆ ಆ ಬಾಟಲಿಯ ಆಸೆ ಬಿಡಿ.

ಬೆಳಿಗ್ಗೆ

ಮೊದಲು ಮೊಟ್ಟೆಯನ್ನು ತಣ್ಣೀರಿನಲ್ಲಿ ಇಟ್ಟು ಒಲೆ ಹಚ್ಚಿ, ತಿನ್ನುವವರಾದರೆ. ನೀರು ಕುದಿದು ಮೊಟ್ಟೆ ಬೇಯುವುದರೊಳಗೆ ಉಳಿದ ಕೆಲಸ ಮುಗಿದಿರುತ್ತದೆ.

ಒಬ್ಬರಿಗೆ ಏಲಕ್ಕಿ ಬಾಳೆ ಅಥವಾ ಪುಟ್ಟುಬಾಳೆಯಾದರೆ ಮೂರು ನಾಲ್ಕು, ನೇಂದ್ರವಾದರೆ ಒಂದೇ. ನೇಂದ್ರವನ್ನು ಸಿಪ್ಪೆ ಕಪ್ಪಾಗುವ ತನಕ ಕಾಯಬೇಕು, ಹಳದಿ ಇರುವಾಗ ಅದು ಕಿವುಚಲು ಬಗ್ಗುವುದಿಲ್ಲ. ಹಾಗೆ ನೋಡಿದರೆ ಯಾವ ಬಾಳೆಯಾದರೂ ಸಿಪ್ಪೆಯಲ್ಲಿ ಚುಕ್ಕೆ ಬಿದ್ದ ಮೇಲೆಯೇ ತಂಬುಟ್ಟಿಗೆ ಲಾಯಕ್ಕು, ಸಿಹಿಗೆ ಬೆಲ್ಲ ಬೇಕಾಗುವುದಿಲ್ಲ. ಸಂತೆಯಲ್ಲಿ ಸಂಜೆ ಹೊತ್ತಿಗೆ ಕಡಿಮೆ ಬೆಲೆಗೆ ಬಿಟ್ಟುಕೊಡುವ ಅತಿ ಕಳಿತ ಹಣ್ಣು ಇದಕ್ಕೆ ಒಳ್ಳೆಯದು.

ಅಗಲ ಬಟ್ಟಲಿನಲ್ಲಿ ಹಣ್ಣನ್ನು ಕೈಯಿಂದಲೇ ಕಿವುಚಿ. ಮಿಕ್ಸಿ ಬೇಡ, ಅದರಲ್ಲಿ ಅಂಟಂಟಾಗುತ್ತದೆ. ಪುಡಿಯನ್ನು ಒಂದೊಂದು ಚಮಚವಾಗಿ ಹಾಕುತ್ತಾ ಕಲಸಿ, ಒಟ್ಟು 50 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ಐದಾರು. ಎರಡು ನಿಮಿಷ ಸುಮ್ಮನೆ ಬಿಡಿ. ಹುರಿದ ಅಕ್ಕಿ ಹಣ್ಣಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಮೊದಲು ಸಡಿಲ ಕಂಡದ್ದು ಗಟ್ಟಿಯಾಗುತ್ತದೆ. ಈ ಹಂತದಲ್ಲಿ ಅವಸರಪಟ್ಟು ಇನ್ನಷ್ಟು ಪುಡಿ ಸುರಿದರೆ ಗಂಟಲಲ್ಲಿ ಇಳಿಯದ ಉಂಡೆಯಾಗುತ್ತದೆ. ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು ಅಥವಾ ಮೊಸರು. ಮೇಲೆ ತೆಂಗಿನತುರಿ, ಅರ್ಧ ಚಮಚ ತುಪ್ಪ, ಒಂದು ಸಣ್ಣ ಹಿಡಿ ಹುರಿದ ಕಡಲೆಬೀಜವನ್ನು ಲಟ್ಟಣಿಗೆಯಿಂದ ಒರಟಾಗಿ ಒಡೆದು ಉದುರಿಸಿ.

ಲೆಕ್ಕ: ಹಣ್ಣು 2, ಪುಡಿ 6, ಕಡಲೆಬೀಜ 5, ಅಲ್ಲಿಗೆ 13 ಗ್ರಾಂ. ಜೊತೆಗೆ ಒಂದು ಮೊಟ್ಟೆಯೋ ಒಂದು ಲೋಟ ಹಾಲೋ ಆದರೆ 19. ಹಾಲು ಹಾಕಿದ ಕಾಫಿ ಒಂದು ಸಣ್ಣ ಲೋಟ ಕುಡಿದರೂ ಎರಡು ಗ್ರಾಂ ಸೇರುತ್ತದೆ. ಕಾಫಿ ಬಿಟ್ಟು ತಿಂಡಿ ತಿನ್ನಿ ಅಂತ ಕೊಡಗಿನವರಿಗೆ ಹೇಳುವ ಧೈರ್ಯ ನನಗಿಲ್ಲ.

ಮಕ್ಕಳಿಗೆ ಇದರ ಅರ್ಧ. ತುಂಬ ಚಿಕ್ಕ ಮಕ್ಕಳಿಗೆ ಕಡಲೆಬೀಜ ಚೂರುಗಳು ಗಂಟಲಲ್ಲಿ ಸಿಕ್ಕಬಹುದು, ನುಣ್ಣಗೆ ಪುಡಿ ಮಾಡಿಯೇ ಹಾಕಿ. ಸಿಹಿಗೆ ಜೇನು ಬಿಡುವ ಅಭ್ಯಾಸ ಇರುವವರು ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಅದನ್ನು ಕೊಡಬಾರದು, ಎಷ್ಟೇ ಶುದ್ಧವಾದ ಕಾಡುಜೇನಾದರೂ.

ಬೆಣ್ಣೆಹಣ್ಣಿನ ಕಾಲ

ಮಳೆ ಹಿಡಿದ ಮೇಲೆ ಬೆಣ್ಣೆಹಣ್ಣಿನದೇ ರಾಜ್ಯ. ಕಾಫಿಗಿಡಗಳ ನಡುವೆ ನೆರಳಿಗೆಂದು ನಿಂತ ಮರಗಳಿಂದ ಬಿದ್ದು ಕೊಳೆಯುತ್ತಿದ್ದ ಹಣ್ಣು ಈಗ ಪೇಟೆಯಲ್ಲಿ ಅವಕಾಡೊ ಆಗಿ ಕಿಲೋ ಲೆಕ್ಕದಲ್ಲಿ ದುಬಾರಿ. ಬೀಜದಿಂದ ಎದ್ದ ಮರಗಳಾದ್ದರಿಂದ ಒಂದರ ಹಣ್ಣು ಇನ್ನೊಂದರಂತಿರುವುದಿಲ್ಲ: ಒಂದು ಬೆಣ್ಣೆಯಂತೆ, ಇನ್ನೊಂದು ನೀರು ನೀರು, ಮತ್ತೊಂದು ನಾರು. ಬಟ್ಟಲಿಗೆ ಮೊದಲನೆಯದು, ಜ್ಯೂಸಿಗೆ ಎರಡನೆಯದು. ಹೊಸದಾಗಿ ನೆಡುವವರು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ಅರ್ಕಾ ಸುಪ್ರೀಂ ಅಥವಾ ಅರ್ಕಾ ಕೂರ್ಗ್ ರವಿ ತಳಿಗಳ ಕಸಿಗಿಡ ವಿಚಾರಿಸಬಹುದು.

ಬೆಣ್ಣೆಹಣ್ಣು ಮರದಲ್ಲಿ ಇರುವವರೆಗೂ ಮೆತ್ತಗಾಗುವುದಿಲ್ಲ. ಕಿತ್ತು ತಂದು ಅಕ್ಕಿ ಡಬ್ಬಿಯಲ್ಲೋ, ಪೇಪರಿನಲ್ಲಿ ಬಾಳೆಹಣ್ಣಿನ ಜೊತೆಗೋ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅದು ಬೇಗ ಕಳಿಯುತ್ತದೆ. ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ತಗ್ಗಬೇಕು. ಅದೇ ಸರಿಯಾದ ದಿನ, ಮರುದಿನಕ್ಕೆ ಕಾಯಬೇಡಿ.

ಹಣ್ಣಿನಲ್ಲಿ ಇರುವುದು ಕೊಬ್ಬು, ಪ್ರೋಟೀನ್ ನೂರು ಗ್ರಾಮಿಗೆ ಎರಡೇ ಗ್ರಾಂ. ಅದಕ್ಕೆ ಗಟ್ಟಿ ಮೊಸರಿನ ಜೊತೆ ಬೇಕು. ರಾತ್ರಿ ಮೂರು ನೂರು ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜಾಲರಿ ಸೌಟಿನ ಮೇಲೋ ಗೂಟಕ್ಕೋ ನೇತುಹಾಕಿ, ಕೆಳಗೆ ಪಾತ್ರೆ ಇಡಿ. ಫ್ರಿಜ್ಜಿನೊಳಗೆ ಇಟ್ಟರೆ ಹುಳಿಯಾಗುವುದಿಲ್ಲ. ಬೆಳಿಗ್ಗೆ ಸಿಗುವ ಬೆಣ್ಣೆಯಂಥ ಮುದ್ದೆಯಲ್ಲಿ ಎಂಟು ಗ್ರಾಂ ಪ್ರೋಟೀನ್ ಇರುತ್ತದೆ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ರೊಟ್ಟಿ ಹಿಟ್ಟು ಕಲಸಲು ಬರುತ್ತದೆ. ಅರ್ಧ ಬೆಣ್ಣೆಹಣ್ಣನ್ನು ಚಮಚದಿಂದ ಕೆರೆದು ಮೊಸರಿಗೆ ಕಲಸಿ, ಮೇಲೆ ಕಡಲೆಬೀಜ ಹಾಕಿದರೆ 15 ಗ್ರಾಂ ಆಯಿತು. ಹಾಲು ಸಕ್ಕರೆ ಹಾಕಿ ಜ್ಯೂಸ್ ಮಾಡುವುದು ನಮ್ಮ ರೂಢಿ. ನನಗೆ ಕೇಳಿದರೆ ಈ ಹಣ್ಣಿಗೆ ಒಪ್ಪುವುದು ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು, ನಾಲ್ಕು ಹನಿ ನಿಂಬೆರಸ. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ. ಪ್ಯಾಷನ್ ಫ್ರೂಟ್ ಬಳ್ಳಿ ಬೇಲಿಗೆ ಹಬ್ಬಿಸಿರುವವರು ನಿಂಬೆಯ ಬದಲು ಅದರ ತಿರುಳನ್ನೇ ಹಾಕಿ ನೋಡಿ.

ಮಳೆಗಾಲದ ಚಳಿಗೆ ಮೊಸರು ಹೆಪ್ಪುಗಟ್ಟುವುದೇ ಕಷ್ಟ. ಹಾಲು ಉಗುರುಬೆಚ್ಚಗಿಗಿಂತ ಚೂರು ಬಿಸಿ ಇರುವಾಗ, ಬೇಸಿಗೆಯ ಎರಡರಷ್ಟು ಹೆಪ್ಪು ಹಾಕಿ, ಪಾತ್ರೆಯನ್ನು ಹಾಟ್ ಬಾಕ್ಸಿನೊಳಗೆ ಇಟ್ಟು ಮುಚ್ಚಿ. ಸೌದೆ ಒಲೆ ಇರುವ ಮನೆಯಲ್ಲಿ ಒಲೆಯ ಪಕ್ಕದ ಕಟ್ಟೆಯೇ ಸಾಕು.

ಅನಾನಸ್, ಪಪ್ಪಾಯಿ: ಹಾಲಿನ ಜೊತೆ ಹುಷಾರು

ಹೆಚ್ಚು ಜನ ಎಡವುವುದು ಇಲ್ಲಿ. ಅನಾನಸ್ ಹೆಚ್ಚಿ ಮೊಸರಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ತಿಂದರೆ ಕಹಿ. ಮೊಸರು ಕೆಟ್ಟಿದೆ ಅಂತ ಹಾಲಿನವನ ಮೇಲೆ ರೇಗುತ್ತಾರೆ. ಅನಾನಸ್‌ನಲ್ಲಿ ಬ್ರೋಮಿಲೈನ್ ಅನ್ನುವ ಕಿಣ್ವ ಇದೆ, ಪಪ್ಪಾಯಿಯಲ್ಲಿ ಪಪೈನ್. ಇವೆರಡರ ಕೆಲಸವೇ ಪ್ರೋಟೀನನ್ನು ತುಂಡು ತುಂಡು ಮಾಡುವುದು. ಮಾಂಸ ಬೇಗ ಬೇಯಲಿ ಅಂತ ಪಪ್ಪಾಯಿ ಕಾಯಿಯ ಚೂರು ಹಾಕುವುದೂ ಇದೇ ಕಾರಣಕ್ಕೆ. ಹಾಲಿನ ಪ್ರೋಟೀನ್ ಹೀಗೆ ತುಂಡಾದಾಗ ಹುಟ್ಟುವ ಚೂರುಗಳಲ್ಲಿ ಕೆಲವು ಕಹಿ. ಹಾಲು ಹಣ್ಣು ಸೇರಿದರೆ ವಿಷ ಅನ್ನುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ತಿಂದರೆ ಏನೂ ಆಗದು, ನಾಲಿಗೆ ಮಾತ್ರ ಒಪ್ಪುವುದಿಲ್ಲ.

ದಾರಿ ಎರಡಿವೆ. ಒಂದು, ಕಿಣ್ವಕ್ಕೆ ಬಿಸಿ ಮುಟ್ಟಿಸುವುದು. ಅನಾನಸ್ ಹೋಳುಗಳನ್ನು ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲದ ಜೊತೆ ಮುಚ್ಚಿದ ಪಾತ್ರೆಯಲ್ಲಿ ಐದಾರು ನಿಮಿಷ ಕುದಿಸಿ. ನೀರು ಬೇಡ, ಹಣ್ಣೇ ರಸ ಬಿಡುತ್ತದೆ. ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬೆಳಿಗ್ಗೆ ಮೊಸರಿಗೆ ಹಾಕಿಕೊಳ್ಳಬಹುದು, ಎಷ್ಟು ಹೊತ್ತು ಬಿಟ್ಟರೂ ಕಹಿ ಬಾರದು. ಡಬ್ಬಿಯಲ್ಲಿ ಬರುವ ಅನಾನಸ್ ಮೊದಲೇ ಬಿಸಿ ಕಂಡದ್ದು, ಅದಕ್ಕೆ ಈ ಕೆಲಸ ಬೇಡ. ಇನ್ನೊಂದು, ಹಸಿ ಹಣ್ಣೇ ಬೇಕು ಅನ್ನುವವರು ತಿನ್ನುವ ಹೊತ್ತಿಗೇ ಬೆರೆಸಿ ಕೂಡಲೇ ತಿಂದು ಮುಗಿಸಿ. ಪೂರ್ತಿ ಹಣ್ಣಾದ ಪಪ್ಪಾಯಿಯಲ್ಲಿ ಪಪೈನ್ ಬಹಳ ಕಡಿಮೆ, ಅದಕ್ಕೆ ಈ ದಾರಿಯೇ ಸಾಕು. ದೋರೆ ಪಪ್ಪಾಯಿಯನ್ನು ಹಾಲಿಗೆ ಹಾಕಲೇಬೇಡಿ.

ಪಪ್ಪಾಯಿಗೆ ನನಗೆ ಇಷ್ಟವಾದ ಜೋಡಿ ಮೊಸರಲ್ಲ, ಅದೇ ನಮ್ಮ ಪುಡಿ. ಒಂದು ಬಟ್ಟಲು ಹೋಳಿನ ಮೇಲೆ ನಾಲ್ಕು ಚಮಚ ಪುಡಿ, ಒಂದು ಹಿಡಿ ಕಡಲೆಬೀಜ, ನಿಂಬೆರಸ. ಸುಮಾರು ಹತ್ತು ಗ್ರಾಂ ಆಗುತ್ತದೆ, ಉಳಿದದ್ದನ್ನು ಮೊಟ್ಟೆ ಅಥವಾ ಹಾಲು ತುಂಬಲಿ.

ಕರೆಂಟ್ ಇಲ್ಲದ ದಿನ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ನಮ್ಮ ಕಡೆ ಎರಡು ದಿನ, ಕೆಲವೊಮ್ಮೆ ವಾರ ಕರೆಂಟ್ ಇರುವುದಿಲ್ಲ. ಸ್ಮೂದಿ ಪಾಠಗಳೆಲ್ಲ ಆಗ ಉಪಯೋಗಕ್ಕಿಲ್ಲ. ಮಿಕ್ಸಿ ಬೇಡದ ತಂಬುಟ್ಟು ಇಲ್ಲಿ ಗೆಲ್ಲುತ್ತದೆ. ಫ್ರಿಜ್ಜೂ ನಂಬುವಂತಿಲ್ಲ, ಹಾಗಾಗಿ ಮೊಸರಿನ ಬದಲು ಹಾಲಿನ ಪುಡಿ: ಕೆನೆ ತೆಗೆದ ಹಾಲಿನ ಪುಡಿ ಎರಡು ದೊಡ್ಡ ಚಮಚಕ್ಕೆ ಸುಮಾರು 5 ಗ್ರಾಂ ಪ್ರೋಟೀನ್. ಅದನ್ನು ತಂಬುಟ್ಟಿನ ಪುಡಿಯ ಜೊತೆ ಒಣದಾಗಿಯೇ ಬೆರೆಸಿ ಹಣ್ಣಿಗೆ ಕಲಸಿದರೆ ಗಂಟಾಗುವುದಿಲ್ಲ.

ಹಲಸು ಮುಗಿಯುವ ಹೊತ್ತೂ ಅದೇ. ಅಂಬಲಿ ಹಲಸಿನ ತೊಳೆಯನ್ನು ಬಾಳೆಹಣ್ಣಿನ ಹಾಗೇ ಕಿವುಚಬಹುದು, ಬಕ್ಕೆಯಾದರೆ ಸಣ್ಣಗೆ ಹೆಚ್ಚಿ. ಬೀಜಗಳನ್ನು ಉಪ್ಪುನೀರಿನಲ್ಲಿ ಬೇಯಿಸಿ ಸುಲಿದು ಒಂದು ಹಿಡಿ ಪಕ್ಕದಲ್ಲಿಟ್ಟುಕೊಂಡರೆ ಮೂರು ಗ್ರಾಂ ಬಂತು, ಖರ್ಚಿಲ್ಲದೆ.

ಪೌಡರ್ ಡಬ್ಬಿ

ವ್ಹೇ ಪ್ರೋಟೀನ್ ಕೆಟ್ಟದ್ದಲ್ಲ. ಸಾಮಾನ್ಯವಾಗಿ 30 ಗ್ರಾಮಿನ ಒಂದು ಅಳತೆಗೆ 20ರಿಂದ 25 ಗ್ರಾಂ ಪ್ರೋಟೀನ್ ಕೊಡುತ್ತದೆ, ಜಿಮ್ಮಿಗೆ ಹೋಗುವ ಹುಡುಗರಿಗೆ ಅನುಕೂಲ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ, ನೂರು ಗ್ರಾಮಿಗೆ ಸಕ್ಕರೆ ಎಷ್ಟು, ಎರಡನ್ನೂ ಓದಿ. ಕುದಿಯುವ ಹಾಲಿಗೆ ಹಾಕಿದರೆ ಗಂಟು ಗಂಟಾಗುತ್ತದೆ. ಇದೂ ಹಾಲಿನದೇ ಪ್ರೋಟೀನ್, ಹಸಿ ಅನಾನಸ್ ಜೊತೆ ಬಿಟ್ಟರೆ ಕಹಿಯೇ. ಮೂರು ಹೊತ್ತು ಸರಿಯಾಗಿ ತಿನ್ನುವ ಮನೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು, ಅದು ಹುರಿಗಡಲೆಯದಾದರೂ, ಡಾಕ್ಟರನ್ನು ಕೇಳಬೇಕು. ಅವರಲ್ಲಿ ಕೆಲವರಿಗೆ ಬಾಳೆಹಣ್ಣಿನ ಪೊಟ್ಯಾಸಿಯಮ್ ಕೂಡ ಲೆಕ್ಕದ ವಿಷಯ. ಸಕ್ಕರೆ ಕಾಯಿಲೆಯವರು ಬಾಳೆಯನ್ನು ಅರ್ಧ ಮಾಡಿ, ಪುಡಿಯನ್ನೂ ಕಡಿಮೆ ಮಾಡಿ, ಕಡಲೆಬೀಜ ಮತ್ತು ಮೊಟ್ಟೆ ಹೆಚ್ಚಿಸಿಕೊಳ್ಳಲಿ. ಅವರಿಗೆ ಬೆಣ್ಣೆಹಣ್ಣಿನ ಬಟ್ಟಲು ಇನ್ನೂ ವಾಸಿ.

ತೋಟಕ್ಕೋ ಆಫೀಸಿಗೋ ಬುತ್ತಿ ಒಯ್ಯುವವರು ಮನೆಯಲ್ಲೇ ಕಲಸಿಕೊಂಡು ಹೋಗಬೇಡಿ, ಒಂಬತ್ತು ಗಂಟೆಯ ಹೊತ್ತಿಗೆ ಕಪ್ಪಾಗಿ ಗಟ್ಟಿಯಾಗಿರುತ್ತದೆ. ಪುಡಿ, ಕಡಲೆಬೀಜ, ಹಾಲಿನ ಪುಡಿ ಒಂದು ಸ್ಟೀಲ್ ಡಬ್ಬಿಯಲ್ಲಿ ಒಣದಾಗಿ ಇರಲಿ. ಬಾಳೆಹಣ್ಣು ಸಿಪ್ಪೆಯಲ್ಲೇ ಇರಲಿ, ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ. ತಿನ್ನುವ ಜಾಗದಲ್ಲಿ ಸುಲಿದು ಡಬ್ಬಿಯೊಳಗೇ ಕಿವುಚಿದರಾಯಿತು.